ಲಿಫ್ಟಿನ ಪಕ್ಕದ ಕುದುರೆ

ಲ್ಯಾಟಿನ್ ಎಂಬ ಭಾಷೆ ಸತ್ತು ಬಹಳ ಕಾಲವಾಯಿತಂತೆ. ಅದರ ಆತ್ಮಕ್ಕೆ ಶಾಂತಿ ಸಿಗಲಿ. ಬದುಕಿರುವ ಯಾವ ಭಾಷೆಯೂ, ಯಾವ ಬಂಧುವೂ, ಯಾವ ಡಾಕ್ಟರೂ ಮಾಡದ ಉಪಕಾರವನ್ನು ಅದು ನನಗೆ ಮಾಡಿದೆ. ನಮ್ಮ ಯಜಮಾನರನ್ನು ನನ್ನ ಅಡುಗೆಮನೆಯಿಂದ ಹೊರಗೆ ಕರೆದುಕೊಂಡು ಹೋಗಿದೆ.

ಇವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಯ ಮುಳ್ಳು ನೆಟ್ಟಗಿದೆಯೇ, ತೂಕದ ಬಟ್ಟು ಸವೆದಿದೆಯೇ ಎಂದು ನೋಡುವುದು ಇವರ ಕೆಲಸ. ಇಡೀ ಕಟ್ಟಡದಲ್ಲಿ ಇವರ ಹೆಸರು 'ತಕ್ಕಡಿ ಸಾಹೇಬರು'. ಕೆಲಸದಿಂದ ನಿವೃತ್ತರಾದ ದಿನ ಆಫೀಸಿನವರು ಹಾರ ಹಾಕಿ, ಒಂದು ಹಿತ್ತಾಳೆ ತಕ್ಕಡಿಯನ್ನೂ ಉಡುಗೊರೆಯಾಗಿ ಕೊಟ್ಟು ಕಳಿಸಿದರು. ಆ ಆಫೀಸಿನವರಿಗೆ ನಾನು ಯಾವ ಜನ್ಮದಲ್ಲಿ ಏನು ಅನ್ಯಾಯ ಮಾಡಿದ್ದೆನೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಆ ತಕ್ಕಡಿ ನನ್ನ ಒಲೆಯ ಪಕ್ಕ ಬಂದು ಕೂತಿತು.

"ಇವತ್ತು ಉಪ್ಪು ನಿನ್ನೆಗಿಂತ ಜಾಸ್ತಿ ಹಾಕ್ದೆ ನೋಡು" ಎಂದರು.

"ರುಚಿಗೆ ತಕ್ಕಷ್ಟು ಹಾಕಿದೀನಿ."

"ತಕ್ಕಷ್ಟು ಅಂದ್ರೆ ಎಷ್ಟು? ಈ ಸೌಟು ಯಾವ ಅಳತೇದು? ಇದಕ್ಕೆ ಸೀಲು ಎಲ್ಲಿ?"

ಸೌಟಿಗೆ ಸೀಲು ಕೇಳಿದ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಒಂದು ವಾರ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಒಂದು ದಿನ ಸಕ್ಕರೆ ಡಬ್ಬಿಯ ಮೇಲೆ 'ತಪಾಸಣೆ ಬಾಕಿ ಇದೆ' ಎಂದು ಚೀಟಿ ಅಂಟಿಸಿದರು. ಆಗ ನನ್ನ ತಾಳ್ಮೆ ತಪ್ಪಿತು.

"ರೀ, ಎಲ್ಲಾದ್ರೂ ಹೋಗ್ರಿ. ದೂರ ಹೋಗ್ಬೇಕು ಅಂತೇನಿಲ್ಲ. ಹತ್ತರಿಂದ ನಾಲ್ಕರ ತನಕ ಮನೇಲಿ ಇರಬೇಡಿ, ಅಷ್ಟೇ!"

ಹೋದರು ಪಾಪ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಾಲು ಕರೆದುಕೊಂಡು ಹೋದ ಕಡೆ ಹೋದರು. ಆ ಕಾಲುಗಳಿಗೆ ಗೊತ್ತಿದ್ದದ್ದು ಅಂಗಡಿಗಳು ಮತ್ತು ಒಂದು ಕಾಲೇಜು. ಅಲ್ಲಿನ ರಸಾಯನಶಾಸ್ತ್ರದ ಲ್ಯಾಬಿನ ತಕ್ಕಡಿಗಳನ್ನು ವರ್ಷಕ್ಕೊಮ್ಮೆ ಇವರೇ ನೋಡುತ್ತಿದ್ದರು. ಹಿರಿಯರಿಗೂ ಪದವಿ ಓದಲು ಅವಕಾಶವಿದೆ, ಆದರೆ ಎಲ್ಲ ವಿಭಾಗಗಳೂ ಭರ್ತಿಯಾಗಿವೆ, ಉಳಿದಿರುವುದು ಒಂದೇ ಎಂದು ಅಲ್ಲಿನ ಗುಮಾಸ್ತ ಹೇಳಿದನಂತೆ. ಅದು ಪ್ರಾಚೀನ ಭಾಷೆ ಮತ್ತು ಸಾಹಿತ್ಯ ವಿಭಾಗ. ಅದರ ಬಾಗಿಲಲ್ಲಿ ಪ್ರೊಫೆಸರಮ್ಮ ನಿಂತಿದ್ದರು, ವ್ಯಾಪಾರವಿಲ್ಲದ ದಿನ ಅಂಗಡಿಯವರು ಬೀದಿ ನೋಡುವ ಹಾಗೆ. ಐದು ಮಂದಿ ವಿದ್ಯಾರ್ಥಿಗಳಾದರೂ ಇರದಿದ್ದರೆ ವಿಭಾಗಕ್ಕೆ ಬೀಗ ಹಾಕುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ನಾಲ್ವರಿದ್ದರು. ಇವರನ್ನು ಕಂಡದ್ದೇ ಆಕೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು.

ಸಂಜೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಲೇ, ನಾನು ಬಿ.ಎ. ಸೇರಿದೆ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಏನು ಓದುತ್ತೀರಿ ಎಂದು ಕೇಳುವುದನ್ನೇ ಮರೆತೆ. "ದಿನಾ ಇರತ್ತಾ?" ಎಂದಷ್ಟೇ ಕೇಳಿದೆ.

"ದಿನಾ. ಹತ್ತರಿಂದ ನಾಲ್ಕು."

ಕಣ್ಣು ಒದ್ದೆಯಾಯಿತು.

ಮೊದಲನೆಯ ಪಾಠಕ್ಕೇ ಇವರು ಎರಡು ವಾರ ತೆಗೆದುಕೊಂಡರು. ಒಂದೊಂದು ಪದವನ್ನೂ ತೂಗಿ ನೋಡದೆ ಮುಂದಕ್ಕೆ ಹೋಗುವ ಜಾಯಮಾನ ಇವರದಲ್ಲ. ಸ್ನಾನ ಮಾಡುವಾಗ, ಗಡ್ಡ ಕೆರೆಯುವಾಗ, ಶೂಗೆ ಪಾಲಿಶ್ ಹಾಕುವಾಗ ಒಂದೇ ಜಪ: "ಅಗ್ರಿಕೊಲ ಎಕ್ವೊ ಅಕ್ವಾಮ್ ದಾತ್."

"ಏನ್ರೀ ಅದು?"

"ರೈತ ಕುದುರೆಗೆ ನೀರು ಕೊಡುತ್ತಾನೆ."

"ಆಮೇಲೆ?"

"ಆಮೇಲೆ ಎರಡನೇ ಪಾಠ."

ಕೊಟ್ಟರೆ ಕೊಡಲಿ, ಒಳ್ಳೆಯ ಕೆಲಸವೇ ಎಂದುಕೊಂಡು ನಾನು ನೆಮ್ಮದಿಯಾಗಿ, ಅಳತೆಯಿಲ್ಲದ ನನ್ನ ಸೌಟು ಹಿಡಿದು ಅಡುಗೆ ಮಾಡುತ್ತಿದ್ದೆ. ಸಂಜೆ ಮನೆಗೆ ಬರುವಾಗ ಇವರ ಮುಖದಲ್ಲೂ ಕಳೆ ಬಂದಿರುತ್ತಿತ್ತು. ಕಾಲೇಜಿನ ಹುಡುಗರು ಇವರನ್ನು 'ಅಂಕಲ್' ಎನ್ನದೆ 'ಮಿತ್ರ' ಎಂದು ಕರೆಯುತ್ತಾರಂತೆ. ಅದನ್ನು ಹೇಳುವಾಗ ಇವರ ಕಿವಿ ಕೆಂಪಾಗುತ್ತಿತ್ತು.

ಈ ಸುಖಕ್ಕೆ ದೃಷ್ಟಿ ತಾಗಿದ್ದು ನಮ್ಮಣ್ಣನಿಂದ.

ನಮ್ಮಣ್ಣ ಬ್ಯಾಂಕ್ ಮ್ಯಾನೇಜರ್ ಆಗಿದ್ದವನು. ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾನೆ, ಕಟ್ಟಡದ ಸಂಘಕ್ಕೆ ಅಧ್ಯಕ್ಷ. ಅಧ್ಯಕ್ಷನಾದ ಮೇಲೆ ಅವನು ಮೆಟ್ಟಿಲು ಇಳಿಯುವ ರೀತಿಯೇ ಬೇರೆಯಾಗಿತ್ತು. ಇಳಿಯಲೇಬೇಕಿತ್ತೆನ್ನಿ, ಏಕೆಂದರೆ ಲಿಫ್ಟು ಕೆಟ್ಟು ತಿಂಗಳುಗಳೇ ಕಳೆದಿದ್ದವು. ಅಂದು ಬೆಳಿಗ್ಗೆ ಲಿಫ್ಟಿನ ಮೆಕ್ಯಾನಿಕ್ ಬಂದಿದ್ದಾನೆಂದು ತಿಳಿದು ಎಲ್ಲರೂ ಕೆಳಗೆ ಅದರ ಬಾಗಿಲ ಮುಂದೆ ನೆರೆದಿದ್ದೆವು. ಮೇಲಿನ ಕೊನೆಯ ಮಹಡಿಯ ನರ್ಸಮ್ಮ ಇದ್ದರು. ಅವರ ಯಜಮಾನರು ಗಾಲಿಕುರ್ಚಿಯಲ್ಲಿ ಇರುವವರು, ಲಿಫ್ಟು ಕೆಟ್ಟಾಗಿನಿಂದ ಬೀದಿ ಕಂಡಿರಲಿಲ್ಲ. ನೆಲಮಹಡಿಯ ಹಲ್ಲಿನ ಡಾಕ್ಟರೂ ಇದ್ದರು. ಅಷ್ಟರಲ್ಲಿ ಇವರು ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಕಾಲೇಜಿಗೆ ಹೊರಟು ಬಂದರು.

"ಬನ್ನಿ ಭಾವ, ಬನ್ನಿ!" ಎಂದ ನಮ್ಮಣ್ಣ. "ಅರವತ್ತಕ್ಕೆ ಅರಳುಮರಳು ಅಂತ ಕೇಳಿದ್ದೆ. ಅರವತ್ತಕ್ಕೆ ಬಿ.ಎ. ಅಂತ ಕೇಳಿರ್ಲಿಲ್ಲ. ಎಲ್ಲಿ, ಏನ್ ಕಲ್ತಿದೀರ ಒಂದು ಮಾತು ಹೇಳಿ, ಕಿವಿ ತಂಪಾಗ್ಲಿ."

ಎಲ್ಲರೂ ನಕ್ಕರು. ನಗುವವರ ಮುಂದೆ ಇವರು ಯಾವತ್ತೂ ತಲೆ ತಗ್ಗಿಸಿದವರಲ್ಲ. ಬೆನ್ನು ನೆಟ್ಟಗೆ ಮಾಡಿ, ಲಿಫ್ಟಿನ ಮುಚ್ಚಿದ ಬಾಗಿಲಿಗೆ ಎದುರಾಗಿ ನಿಂತು, ಕಳ್ಳತೂಕದ ಅಂಗಡಿಯನ್ನು ಹಿಡಿಯುವಾಗಿನ ದನಿ ತೆಗೆದು ಗುಡುಗಿದರು:

"ಅಗ್ರಿಕೊಲ ಎಕ್ವೊ ಅಕ್ವಾಮ್ ದಾತ್!"

ಲಿಫ್ಟು ಗಡಗಡ ಎಂದಿತು. ದೀಪ ಹತ್ತಿತು. ಬಾಗಿಲು ತಾನಾಗಿ ತೆರೆದುಕೊಂಡಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ. "ಫ್ಯೂಸ್ ಹಾಕಿದೀನಿ, ನೋಡಿ ಬಂತಾ?" ಎಂದು ಮೇಲಿನಿಂದ ಮೆಕ್ಯಾನಿಕ್ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೇರೆ ಯಾರಿಗೂ ಕೇಳಿಸಲಿಲ್ಲ. ನರ್ಸಮ್ಮ ಎರಡೂ ಕೈ ಜೋಡಿಸಿ ನಿಂತುಬಿಟ್ಟಿದ್ದರು. ಹಲ್ಲಿನ ಡಾಕ್ಟರ ಬಾಯಿ ಅವರ ರೋಗಿಗಳ ಬಾಯಿಗಿಂತ ಅಗಲವಾಗಿ ತೆರೆದಿತ್ತು.

"ಭಾವ, ಇದರ ಅರ್ಥ ಏನು?" ಎಂದ ನಮ್ಮಣ್ಣ. ದನಿಯಲ್ಲಿ ಮೊದಲಿನ ಕೊಂಕು ಇರಲಿಲ್ಲ.

ಇವರು ಪುಸ್ತಕವನ್ನು ಈ ಬಗಲಿಂದ ಆ ಬಗಲಿಗೆ ಬದಲಿಸಿದರು. ನಿಜ ಹೇಳಿದರೆ ರೈತ, ಕುದುರೆ, ನೀರು. ಇಡೀ ಕಟ್ಟಡ ಹೊಟ್ಟೆ ಹಿಡಿದು ನಗುತ್ತದೆ. ನೌಕರಿಯುದ್ದಕ್ಕೂ ಒಂದು ಗ್ರಾಮಿನಷ್ಟು ಸುಳ್ಳನ್ನೂ ಸಹಿಸದ ನಮ್ಮ ಯಜಮಾನರು ಆಗ ಹೇಳಿದರು:

"ಅದು... ಸ್ವಲ್ಪ ಆಳವಾದ ಅರ್ಥ. ಒಂದು ಮಾತಲ್ಲಿ ಹೇಳಕ್ಕೆ ಬರಲ್ಲ."

ನಾನು ಬಾಯಿ ತೆರೆದೆ. ಇವರು ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿದೆ. ಗಂಡನನ್ನು ನಾನು ಎಷ್ಟು ಬೇಕಾದರೂ ಬಯ್ಯಬಹುದು, ಆದರೆ ಅಣ್ಣನ ಎದುರಿಗೆ ಬಿಟ್ಟುಕೊಡಲಾಗುತ್ತದೆಯೇ?

ಅರ್ಥ ಗೊತ್ತಿಲ್ಲದ ಮಾತಿಗೆ ಇರುವ ಶಕ್ತಿ ಅರ್ಥವಾದ ಮಾತಿಗೆ ಇಲ್ಲ. ನಾಲ್ಕೇ ದಿನದಲ್ಲಿ ಕಟ್ಟಡದಲ್ಲಿ ಆ ವಾಕ್ಯ ಬಾರದವರು ಯಾರೂ ಉಳಿಯಲಿಲ್ಲ. ನರ್ಸಮ್ಮ ಲಿಫ್ಟಿನ ಗುಂಡಿ ಒತ್ತುವ ಮುನ್ನ ಅದನ್ನು ಹೇಳಿ, ಆಮೇಲೆ ಯಜಮಾನರ ಗಾಲಿಕುರ್ಚಿಯನ್ನು ಒಳಗೆ ತಳ್ಳುತ್ತಿದ್ದರು. ಅದು ಆರೋಗ್ಯದ ಮಂತ್ರ ಎಂದು ಅವರ ನಂಬಿಕೆ. ಹಲ್ಲಿನ ಡಾಕ್ಟರು ಕೀಳುವ ಮೊದಲು ರೋಗಿಯ ಕೈಲಿ ಒಮ್ಮೆ ಹೇಳಿಸುತ್ತಿದ್ದರು. 'ದಾತ್' ಎನ್ನುವಷ್ಟರಲ್ಲಿ ಹಲ್ಲು ಇಕ್ಕಳದಲ್ಲಿ ಇರುತ್ತಿತ್ತಂತೆ. ನಮ್ಮಣ್ಣನಂತೂ, "ಏರುವವನು ಇಳಿಯುವುದನ್ನೂ ಕಲಿಯಬೇಕು ಅಂತ ಅದರ ಅರ್ಥ. ನಂಗೆ ಆವತ್ತೇ ಹೊಳೀತು" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಅಲ್ಲಿಗೇ ನಿಂತಿದ್ದರೆ ಏನೂ ಇರಲಿಲ್ಲ. ಲಿಫ್ಟು ರಿಪೇರಿಯಾದ ನೆನಪಿಗೆ ಅದರ ಪಕ್ಕದ ಗೋಡೆಗೆ ಒಂದು ಕಲ್ಲು ಹಾಕಿಸಬೇಕು, ಅದರಲ್ಲಿ ಅಧ್ಯಕ್ಷರ ಹೆಸರು ಇರಬೇಕು ಎಂದು ಅಧ್ಯಕ್ಷರೇ ಸಲಹೆ ಕೊಟ್ಟರು. ಬರೀ ಹೆಸರಿದ್ದರೆ ಚೆನ್ನಾಗಿರದು, ಮೇಲೆ ಲ್ಯಾಟಿನ್ ವಾಕ್ಯ ಇರಲಿ ಎಂದೂ ಅವರೇ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಇವರು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. "ಬೇರೆ ವಾಕ್ಯ ಕೊಡ್ತೀನಿ ಅಂತ ಹೇಳಿದೀನಿ ಕಣೇ. ಎರಡನೇ ಪಾಠ ತೆಗಿ."

ತೆಗೆದೆವು. ಪುಸ್ತಕದ ಕೊನೆಯಲ್ಲಿ ಅರ್ಥ ಕೊಟ್ಟಿದ್ದರು: 'ಹುಡುಗಿಯರು ಬಾತುಕೋಳಿಗಳಿಗೆ ಹೆದರುತ್ತಾರೆ.'

"ಕುದುರೆನೇ ಇರಲಿ ಬಿಡ್ರಿ" ಎಂದೆ.

ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಎಂದರೆ ಇದೇ. ಆದರೆ ನಮ್ಮವರ ಸ್ವಭಾವ ನೋಡಿ, ಸುಳ್ಳಿನ ಕಲ್ಲಾದರೂ ಅಳತೆ ಸರಿ ಇರಬೇಕು. ಕಲ್ಲು ಕೆತ್ತುವವನ ಅಂಗಡಿಗೆ ಅಡಿಪಟ್ಟಿ ಹಿಡಿದು ತಾವೇ ಹೋದರು. ಒಂದೊಂದು ಅಕ್ಷರದ ಎತ್ತರವನ್ನೂ ಅಳೆದು, ನಡುವಿನ ಜಾಗವನ್ನೂ ಅಳೆದು, ಅವನಿಗೆ ಸಾಕುಬೇಕು ಮಾಡಿ ಕೆತ್ತಿಸಿಕೊಂಡು ಬಂದರು. ಕಲ್ಲು ಗೋಡೆ ಸೇರಿತು. ಅದರ ಮೇಲೊಂದು ಪರದೆ ಬಂತು.

ಆಗ ಬಂದರು ಲಿಫ್ಟ್ ಇನ್ಸ್‌ಪೆಕ್ಟರು, ಸರ್ಕಾರದವರು. ಲಿಫ್ಟಿಗೆ ಪರವಾನಗಿ ಕೊಡಬೇಕಾದವರು ಅವರು. ಕೇಬಲ್ಲು ನೋಡಿದರು, ಬ್ರೇಕು ನೋಡಿದರು, ಹತ್ತಿದರು, ಇಳಿದರು. ಕೊನೆಗೆ ಪರದೆ ಎತ್ತಿ ನೋಡಿದರು.

"ಇದೇನು?"

"ಸುಭಾಷಿತ ಸಾರ್" ಎಂದ ನಮ್ಮಣ್ಣ.

"ಲಿಫ್ಟಿನ ಹತ್ರ ಹಾಕಿರೋ ಯಾವ ಬರಹವಾದರೂ ಸೂಚನೆ ಅಂತಲೇ ಲೆಕ್ಕ. ಸೂಚನೆ ಏನು ಅಂತ ಇಲಾಖೆಗೆ ಗೊತ್ತಿರಬೇಕು. ಇದರ ಅರ್ಥ?"

"ಏರುವವನು ಇಳಿಯುವುದನ್ನೂ..."

"ನೀವು ಹೇಳಿದ್ರೆ ಆಗಲ್ಲ. ಬಲ್ಲವರು ಹೇಳ್ಬೇಕು. ಅಲ್ಲೀತನಕ ಲಿಫ್ಟು ಓಡಿಸೋ ಹಾಗಿಲ್ಲ."

ನರ್ಸಮ್ಮನ ಮುಖ ಸಣ್ಣದಾಯಿತು. ನಮ್ಮಣ್ಣ ಮಾತ್ರ ಎದೆ ಸೆಟೆಸಿ, "ಬಲ್ಲವರು ತಾನೇ? ನಮ್ಮ ಭಾವನಿಗೆ ಪಾಠ ಹೇಳೋ ಪ್ರೊಫೆಸರಮ್ಮನನ್ನೇ ಕರೆಸ್ತೀನಿ. ಪರದೆ ತೆಗೆಯೋದೂ ಅವರೇ, ಅರ್ಥ ಹೇಳೋದೂ ಅವರೇ. ಭಾನುವಾರ ಬನ್ನಿ ಸಾರ್" ಎಂದ. ಅಂದೇ ಕಾಲೇಜಿಗೆ ಹೋಗಿ ಆಕೆಯನ್ನು ಒಪ್ಪಿಸಿಕೊಂಡೂ ಬಂದ. ಕಲ್ಲಿನಲ್ಲಿ ಏನಿದೆ ಎಂದು ಮಾತ್ರ ಹೇಳಲಿಲ್ಲ. ಅಲ್ಲೇ ನೋಡಲಿ ಎಂದನಂತೆ.

ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಹಿತ್ತಾಳೆ ತಕ್ಕಡಿ ಅಟ್ಟದಿಂದ ಇಳಿದು ಒಲೆಯ ಪಕ್ಕ ಕೂತಿತ್ತು. ಇವರು ಉಪ್ಪು ತೂಗುತ್ತಿದ್ದರು.

"ರೀ! ಕಾಲೇಜಿಗೆ ಹೋಗ್ಲಿಲ್ವಾ?"

"ಇನ್ನು ಹೋಗಲ್ಲ. ಬಿಟ್ಬಿಟ್ಟೆ."

"ಯಾಕ್ರೀ?" ಎಂದೆ.

"ಮೊದಲನೇ ಪಾಠದ ವಾಕ್ಯ ಇಟ್ಕೊಂಡು ಪಂಡಿತ ಅಂತ ಮೆರೆದೆ ಅಂತ ನಾಳೆ ಮೇಡಂಗೆ ಗೊತ್ತಾಗತ್ತೆ. ಆಮೇಲೆ ಆ ಬೆಂಚಲ್ಲಿ ಹೇಗೆ ಕೂರಲಿ? ಆ ಹುಡುಗರು ನನ್ನನ್ನ ಮಿತ್ರ ಅಂತ ಕರೀತಾರೆ ಕಣೇ." ಇವರು ತಕ್ಕಡಿಯ ಮುಳ್ಳನ್ನು ಬೆರಳಿಂದ ಮುಟ್ಟಿ ನಿಲ್ಲಿಸಿದರು. "ಅಂಗಡಿಯವರಿಗೆಲ್ಲ ನನ್ನ ಕಂಡ್ರೆ ಭಯ ಇತ್ತು. ನನ್ನ ಕಂಡು ಜಾಗ ಬಿಟ್ಟು, 'ಇಲ್ಲಿ ಕೂತ್ಕೊಳ್ಳಿ' ಅಂದವರು ಅವರೇ ಮೊದಲು."

ಅಡುಗೆಮನೆ ಹೋದರೆ ಹೋಗಲಿ, ಆ ಬೆಂಚು ಇವರಿಗೆ ಉಳಿಯಬೇಕು ಎನ್ನಿಸಿತು. ಮೇಲಾಗಿ ಇವರು ಬಿಟ್ಟರೆ ಐದು ಹೋಗಿ ನಾಲ್ಕು, ಪ್ರೊಫೆಸರಮ್ಮನ ಬಾಗಿಲಿಗೆ ಬೀಗ.

ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದೆ. "ರೀ, ತೂಕದಲ್ಲಿ ಮೋಸ ಮಾಡಿದ ಅಂಗಡಿಯವನು ಸಿಕ್ಕಿಬಿದ್ರೆ ಏನು ಹೇಳ್ತಿದ್ರಿ?"

"ದಂಡ ಕಟ್ಟು ಅಂತಿದ್ದೆ."

"ಅಂಗಡಿ ಮುಚ್ಚು ಅಂತಿದ್ರಾ?"

"ಛೆ, ಎಲ್ಲಾದ್ರೂ ಉಂಟೇ! ತಕ್ಕಡಿ ಸರಿ ಮಾಡಿಸ್ಕೊಂಡು ವ್ಯಾಪಾರ ಮಾಡು ಅಂತಿದ್ದೆ."

"ಮತ್ತೆ?"

ಇವರು ತೂಗಿದ ಉಪ್ಪನ್ನು ಡಬ್ಬಿಗೆ ಸುರಿದರು.

ಭಾನುವಾರ ಲಿಫ್ಟಿನ ಮುಂದೆ ಕುರ್ಚಿಗಳನ್ನು ಹಾಕಿದ್ದರು. ಮೆಟ್ಟಿಲಿನ ಮೇಲೂ ಜನ. ಪ್ರೊಫೆಸರಮ್ಮ ಬಂದರು. ದಪ್ಪ ಕನ್ನಡಕದ, ಮೃದುವಾಗಿ ಮಾತಾಡುವ ಸಣ್ಣ ಹೆಂಗಸು. ಇವರನ್ನು ಕಂಡು ನಕ್ಕು, "ನಿನ್ನೆ ಯಾಕೆ ಬರಲಿಲ್ಲ? ಬಾತುಕೋಳಿ ಪಾಠ ನಿಮಗೋಸ್ಕರ ನಿಲ್ಲಿಸಿದೀವಿ" ಎಂದರು. ಇವರ ಮುಖ ಬಿಳಚಿಕೊಂಡಿತು.

ನಮ್ಮಣ್ಣ ಉದ್ದದೊಂದು ಭಾಷಣ ಮಾಡಿದ. ಆಮೇಲೆ ಪ್ರೊಫೆಸರಮ್ಮ ಪರದೆ ಸರಿಸಿದರು. ಕಲ್ಲಿಗೆ ಮುಖ ಹತ್ತಿರ ತಂದು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ತಿರುಗಲಿಲ್ಲ.

"ಇದರ ಗೂಢಾರ್ಥವನ್ನ ತಾವು..." ಎಂದು ನಮ್ಮಣ್ಣ ಶುರು ಮಾಡಿದ್ದ, ಇವರು ಎದ್ದು ನಿಂತರು.

"ಗೂಢಾರ್ಥ ಏನೂ ಇಲ್ಲ ಭಾವ. ರೈತ ಕುದುರೆಗೆ ನೀರು ಕೊಡುತ್ತಾನೆ. ಅಷ್ಟೇ. ಇದು ಮೊದಲನೇ ಪಾಠ. ನನಗೆ ಬರೋದು ಇದೊಂದೇ. ಆಳವಾದ ಅರ್ಥ ಅಂದಿದ್ದು ಸುಳ್ಳು. ದಂಡ ಎಷ್ಟು ಅಂತ ಹೇಳಿ, ಕಟ್ತೀನಿ."

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ನಮ್ಮಣ್ಣನ ಮುಖ ಏರಿತು, ಇಳಿಯಿತು, ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಮೊದಲು ಬಾಯಿ ತೆರೆದದ್ದು ಲಿಫ್ಟ್ ಇನ್ಸ್‌ಪೆಕ್ಟರು. "ಕುದುರೆ ಅಂದ್ರೆ? ಕಟ್ಟಡದಲ್ಲಿ ಕುದುರೆ ಸಾಕಿದೀರಾ?"

"ಇಲ್ಲ ಸಾರ್!"

"ಲಿಫ್ಟಲ್ಲಿ ಕುದುರೆ ಸಾಗಿಸೋ ಉದ್ದೇಶ?"

"ಅಯ್ಯೋ, ಇಲ್ಲವೇ ಇಲ್ಲ ಸಾರ್!"

"ಹಾಗಿದ್ರೆ ಸರಿ" ಎಂದು ಅವರು ಬರೆದುಕೊಂಡರು: 'ಸೂಚನೆ ಕುದುರೆಗೆ ಸಂಬಂಧಿಸಿದ್ದು. ಲಿಫ್ಟಿಗೆ ಬಾಧಕವಿಲ್ಲ.' ಪರವಾನಗಿಗೆ ಅಲ್ಲೇ ಸಹಿ ಬಿತ್ತು.

ಪ್ರೊಫೆಸರಮ್ಮ ಆಗ ತಿರುಗಿದರು. ಕಣ್ಣಲ್ಲಿ ನೀರಿತ್ತು.

"ನನ್ನ ಗುರುಗಳು ಮೊದಲ ದಿನ ಬೋರ್ಡಿನ ಮೇಲೆ ಬರೆದ ವಾಕ್ಯ ಇದು. ನಾನೂ ಪ್ರತಿ ವರ್ಷ ಬರೀತೀನಿ. ಬೆಲ್ ಹೊಡೆದ ಮೇಲೆ ಒರೆಸಿಬಿಡ್ತೀನಿ. ಒರೆಸೋಕೆ ಆಗದ ಹಾಗೆ ಯಾರಾದ್ರೂ ಬರೆದಿದ್ದು ಇದೇ ಮೊದಲು." ಆಕೆ ಕಲ್ಲಿನ ಮೇಲೆ ಕೈ ಆಡಿಸಿದರು. "ನಾನು ಓದಿರೋ ಹಳೇ ಕಲ್ಲುಗಳಲ್ಲೆಲ್ಲ ಆ ರಾಜ ಈ ಊರು ಸುಟ್ಟ, ಈ ರಾಜ ಆ ಕೋಟೆ ಒಡೆದ ಅನ್ನೋದೇ ಇದೆ. ಒಬ್ಬ ರೈತ ಕುದುರೆಗೆ ನೀರು ಕೊಟ್ಟ ಅಂತ ಯಾರೂ ಕೆತ್ತಿಸಿಲ್ಲ. ನೀವು ಕೆತ್ತಿಸಿದೀರಿ. ಒಂದು ಅಕ್ಷರ ತಪ್ಪಿಲ್ಲ, ಒಂದು ಅಕ್ಷರ ಸೊಟ್ಟ ಇಲ್ಲ. ನನ್ನ ಕೆಲಸಕ್ಕೆ ಇಷ್ಟು ದೊಡ್ಡ ಮರ್ಯಾದೆ ಯಾರೂ ಮಾಡಿರ್ಲಿಲ್ಲ. ದಂಡ ಇಷ್ಟೇ: ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಬರಬೇಕು."

ಇವರು ತಲೆಯಾಡಿಸಿದರು. ನಾನು ಕಣ್ಣೊರೆಸಿಕೊಂಡೆ. ಆಕೆಯ ಕಾಲಿಗೆ ಬೀಳಬೇಕೆನಿಸಿತು.

"ಅಂದ್ರೆ ಇದು ಮಂತ್ರ ಅಲ್ವಾ?" ಎಂದು ನರ್ಸಮ್ಮ ಕೇಳಿದರು.

"ಅಲ್ಲಮ್ಮ."

"ಇರಲಿ ಬಿಡಿ, ನಾನಂತೂ ಹೇಳಿಯೇ ಗುಂಡಿ ಒತ್ತೋದು. ಇವರು ಬೀದಿ ನೋಡೋ ಹಾಗಾಯ್ತಲ್ಲ, ನಂಗಷ್ಟು ಸಾಕು. ಆ ರೈತನಿಗೂ ಒಳ್ಳೇದಾಗ್ಲಿ, ಕುದುರೆಗೂ ಒಳ್ಳೇದಾಗ್ಲಿ." ಹಾಗೆಂದು ಅಲ್ಲೇ ಹೇಳಿ, ಗುಂಡಿ ಒತ್ತಿ, ಯಜಮಾನರನ್ನು ಕರೆತರಲು ಮೇಲಕ್ಕೆ ಹೋದರು.

ನಮ್ಮಣ್ಣ ಎರಡು ದಿನ ನಮ್ಮ ಮನೆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದು, "ಭಾವ, ಮುಂದಿನ ವರ್ಷ ನನಗೊಂದು ಸೀಟು ಸಿಗತ್ತಾ ಕೇಳಿ. ಮನೇಲಿ ನಮ್ಮವಳು ಇರಕ್ಕೆ ಬಿಡ್ತಿಲ್ಲ" ಎಂದ. ಅತ್ತಿಗೆಯ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು. ಬೀಗದ ಭಯ ಪ್ರೊಫೆಸರಮ್ಮನಿಗೆ ಇನ್ನಿಲ್ಲ.

ಮೊನ್ನೆ ಸಂಜೆ ಇವರು ಕಾಲೇಜಿನಿಂದ ಬಂದು ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಲ್ಯಾಟಿನ್ನಿನಲ್ಲಿ ಏನೋ ಹೇಳಿದರು. ಕುದುರೆಯೂ ಅಲ್ಲ, ಬಾತುಕೋಳಿಯೂ ಅಲ್ಲ.

"ಯಾವ ಪಾಠದ್ದು?"

"ಯಾವ ಪಾಠದ್ದೂ ಅಲ್ಲ. ನಾನೇ ಕಟ್ಟಿದ್ದು. ಮೊದಲನೇ ಸ್ವಂತ ವಾಕ್ಯ." ಇವರ ಕಿವಿ ಕೆಂಪಾಗಿತ್ತು. "ಹೆಂಡತಿ ಗಂಡನಿಗೆ ನೀರು ಕೊಡುತ್ತಾಳೆ. ಕಾಫಿ ಅಂತ ಹೇಳಬೇಕಿತ್ತು, ಆ ಭಾಷೇಲಿ ಕಾಫಿಗೆ ಪದ ಇಲ್ಲ."

ಅದಕ್ಕೇ ಸತ್ತಿರಬೇಕು, ಪಾಪ.

"ಅದನ್ನೇ ತಿರುಗಿಸಿ ಹೇಳಕ್ಕೆ ಬರತ್ತಾ? ಗಂಡ ಹೆಂಡತಿಗೆ ಅಂತ?" ಎಂದೆ.

ಇವರು ಕಣ್ಣು ಮುಚ್ಚಿ, ಬೆರಳು ಮಡಿಸಿ, ಒಂದೊಂದು ಪದವನ್ನೂ ತೂಗಿ ನೋಡಿ, ಕೊನೆಗೆ ನಿಧಾನವಾಗಿ ಹೇಳಿದರು. ಹೇಳಿ ಮುಗಿಸಿ ನನ್ನನ್ನು ನೋಡಿದರು. ನಾನೂ ನೋಡಿದೆ. ಎದ್ದು ಅಡುಗೆಮನೆಗೆ ಹೋದರು.

ತಕ್ಕಡಿಯ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೂತಿದ್ದೆ. ಬರಲಿಲ್ಲ. ಡಬ್ಬಿಯ ಮುಚ್ಚಳ ತೆರೆದ ಸದ್ದು, ಚಮಚದ ಸದ್ದು, ಅಷ್ಟೇ. ಕಾಫಿ ಬಂತು. ಸಕ್ಕರೆ ವಿಪರೀತ ಜಾಸ್ತಿಯಾಗಿತ್ತು.

"ಹೇಗಿದೆ?" ಎಂದರು.

"ತಕ್ಕಷ್ಟಿದೆ" ಎಂದೆ.